ಮಗು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಿರಿ

ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರಿಗೆ, ಸದಸ್ಯರಿಗೆ, ಅದರಲ್ಲೂ ಸಭೆಗೆ ಬಂದು ಗೋಡೆಗೆ ಒರಗಿ ಕೂತು, ಒಂದು ಮಾತೂ ಆಡದೆ ಸಹಿ ಹಾಕಿ ಹೋಗುವ ತಾಯಂದಿರಿಗೆ ನಮಸ್ಕಾರ.

ಬೇಸಿಗೆ ರಜೆ ಮುಗಿಯುತ್ತಾ ಬಂತು. ಇನ್ನು ಕೆಲವೇ ದಿನಗಳಲ್ಲಿ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಒಂದನೇ ತರಗತಿಗೆ ಬರುವ ಮಕ್ಕಳ ಕೈಗೆ ಹೂವು ಕೊಟ್ಟು ಒಳಗೆ ಕರೆದುಕೊಳ್ಳುತ್ತೀರಿ. ಅದಕ್ಕೂ ಮೊದಲು ತಯಾರಿಗೆಂದು ನಿಮ್ಮದೊಂದು ಸಭೆ ನಡೆಯುತ್ತದಲ್ಲ, ಆ ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. 2001ರಲ್ಲಿ ಸರ್ಕಾರದ ಆದೇಶದಿಂದ ಎಸ್‌ಡಿಎಂಸಿಗಳು ಹುಟ್ಟುವ ಮೊದಲೂ ಶಾಲೆಯಲ್ಲಿದ್ದೆ, ಆಮೇಲೂ ಇದ್ದೆ. ನಡಾವಳಿ ಪುಸ್ತಕಗಳನ್ನು ಬೇಕಾದಷ್ಟು ಬರೆದಿದ್ದೇನೆ, ಬೇರೆ ಶಾಲೆಗಳವನ್ನೂ ಓದಿದ್ದೇನೆ. ಸುಣ್ಣಬಣ್ಣದ ಖರ್ಚು, ಆಗಸ್ಟ್ 15ರ ಸಿಹಿ ಹಂಚಿಕೆ, ದಾನಿಗಳು ಕೊಟ್ಟ ಬೀರು, ಕೆಟ್ಟ ಬೋರ್‌ವೆಲ್ಲಿನ ಮೋಟಾರು ಎಲ್ಲವೂ ಅವುಗಳಲ್ಲಿ ಇರುತ್ತವೆ. ‘ಮಕ್ಕಳು ಹೀಗೆ ಹೇಳಿದರು’ ಎಂಬ ಸಾಲು ಸಿಗುವುದು ಬಹಳ ಅಪರೂಪ. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಶಾಲೆಯಲ್ಲಿ ಆಗುವ ಕೇಡಿನ ಸುಳಿವು ಎಲ್ಲರಿಗಿಂತ ಮೊದಲು ಸಿಗುವುದು ಮಗುವಿಗೆ. ಬಹಳಷ್ಟು ಸಲ ಅದು ಹೇಳಿಯೂ ಇರುತ್ತದೆ. ಆ ಮಾತು ದೊಡ್ಡವರ ಕಿವಿಗೆ ಬಿದ್ದು, ಪುಸ್ತಕದಲ್ಲಿ ದಾಖಲಾಗಿ, ಅದರ ಮೇಲೆ ಕ್ರಮ ಆಗುವಂತೆ ನೋಡಿಕೊಳ್ಳುವುದೇ ನಿಮ್ಮ ಮೊದಲ ಕೆಲಸ. ಸುಣ್ಣಬಣ್ಣ ಆಮೇಲೆ.

ಸುಮ್ಮನೆ ಹೇಳುತ್ತಿಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ನಮ್ಮ ಹತ್ತಿ ಬೆಳೆಯುವ ಊರುಗಳ ರೈತರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಎಣ್ಣೆಯ ಬಣ್ಣ, ವಾಸನೆ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದರು, ಪಲ್ಯ ಕಹಿ ಇದೆ ಎಂದು ಮಕ್ಕಳು ಹೇಳಿದ್ದರು ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ತಟ್ಟೆಯ ಮುಂದೆ ಕೂತು ಕಹಿ ಅಂದ ಮಗುವಿಗೆ ‘ಸುಮ್ಮನೆ ತಿನ್ನು’ ಅನ್ನುವುದು ನಮ್ಮೆಲ್ಲರ ಬಾಯಲ್ಲೂ ಬರುವ ಮಾತು.

2019ರ ನವೆಂಬರಿನಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ ಐದನೇ ತರಗತಿಯ ಹುಡುಗಿಗೆ ಕ್ಲಾಸಿನ ಒಳಗೇ ಹಾವು ಕಚ್ಚಿತು. ಗೋಡೆಯ ಬುಡದಲ್ಲಿ ಬಿಲವಿತ್ತು. ಹಾವು ಕಚ್ಚಿದೆ ಎಂದು ಅವಳು ಹೇಳಿದಳು, ಜೊತೆಯ ಮಕ್ಕಳೂ ಹೇಳಿದರು. ಕೂಡಲೇ ಆಸ್ಪತ್ರೆಗೆ ಏಕೆ ಸಾಗಿಸಲಿಲ್ಲ ಎಂಬುದೇ ಆಮೇಲೆ ಇಡೀ ಕೇರಳ ಕೇಳಿದ ಪ್ರಶ್ನೆ. ಹುಡುಗಿ ಉಳಿಯಲಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಸೂರು ಕುಸಿದು 7 ಮಕ್ಕಳು ಸತ್ತರು. ಮೇಲಿನಿಂದ ಕಲ್ಲು ಉದುರುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರೆಂದು ಅಲ್ಲಿಂದಲೂ ವರದಿ ಬಂತು.

ಮೂರು ರಾಜ್ಯ, ಮೂರು ಬಗೆಯ ಸಾವು. ಮೂರರಲ್ಲೂ ಮಕ್ಕಳು ಬಾಯಿ ಬಿಟ್ಟಿದ್ದರು.

ಕಟ್ಟಡ, ಅಡುಗೆ ಮನೆ, ಸಂಪು, ವಿದ್ಯುತ್ ತಂತಿ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇವು ಕಣ್ಣಿಗೆ ಕಾಣುವಂಥವು, ನಿಮ್ಮಲ್ಲಿ ಗಾರೆ ಕೆಲಸದವರಿದ್ದಾರೆ, ವೈರಿಂಗ್ ಬಲ್ಲವರಿದ್ದಾರೆ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. 2004ರಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಒಲೆಯ ಕಿಡಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಬೆಂದುಹೋದರು. ಅದರ ಬಳಿಕ ಹೂಡಿದ ಮೊಕದ್ದಮೆಯೊಂದರಲ್ಲಿ 2009ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕು ಎಂದು ಹೇಳಿತು. ಆದ್ದರಿಂದ ಸೋರುವ ಕೊಠಡಿಗೆ ಬೀಗ ಹಾಕಿಸಿ ಎಂದು ಬಿಇಒ ಕಚೇರಿಗೆ ಅರ್ಜಿ ಹಿಡಿದು ಹೋಗುವಾಗ ಯಾರ ಮುಂದೆಯೂ ಅಂಗಲಾಚಬೇಕಿಲ್ಲ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ, ಅಷ್ಟೇ.

ಅಡುಗೆ ಮನೆಯ ಬಗ್ಗೆ ಮಾತ್ರ ಒಂದು ಮಾತು. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಕುದಿಯುವ ಸಾಂಬಾರಿನ ಪಾತ್ರೆಗೆ ಬಿದ್ದು ತೀರಿಕೊಂಡಳು. ಸಾಂಬಾರಿನ ಪಾತ್ರೆ ಮಕ್ಕಳು ಓಡಾಡುವ ಜಾಗದಲ್ಲಿ ನೆಲದ ಮೇಲೆ ಇರಕೂಡದು. ಒಲೆಯಿಂದ ಇಳಿದದ್ದು ನೇರ ಎತ್ತರದ ಕಟ್ಟೆಯ ಮೇಲೆ ಹೋಗಬೇಕು, ಬಡಿಸುವವರೆಗೂ ಮುಚ್ಚಳ ಇರಬೇಕು, ಗಂಟೆ ಹೊಡೆದ ಮೇಲೆ ಸಾಲು ನಿಲ್ಲಿಸಲು ಒಬ್ಬ ದೊಡ್ಡವರು ಬೇಕು. ದೊಡ್ಡವರು ಮೊದಲು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಮಕ್ಕಳಿಗೆ ಬಡಿಸಬೇಕೆಂಬ ನಿಯಮವಿದೆ. ತಿಂಗಳ ಕೊನೆಗೆ ಒಟ್ಟಿಗೆ ಕೂತು ಮೂವತ್ತು ಸಹಿ ಹಾಕುವ ಪುಸ್ತಕ ಅದಲ್ಲ. ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ವಾರ ಸರದಿ ಹಾಕಿಕೊಳ್ಳಿ, ಮಧ್ಯಾಹ್ನ ಹೋಗಿ ನಿಜವಾಗಿಯೂ ಉಣ್ಣಿ. ಉಣ್ಣುವಾಗ ಪಕ್ಕದಲ್ಲಿ ಕೂತ ಮಗುವನ್ನು ಮಾತಾಡಿಸಿ. ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂರುತ್ತಿದ್ದಾರೆ, ಯಾರನ್ನು ಕೊನೆಗೆ ಕೂರಿಸಿದ್ದಾರೆ ಎಂಬುದೂ ಆಗ ಕಣ್ಣಿಗೆ ಬೀಳುತ್ತದೆ.

ಶೌಚಾಲಯದ ಚಿಲಕಕ್ಕೆ ಬರುತ್ತೇನೆ. ಚಿಕ್ಕ ವಿಷಯ ಅನ್ನಬೇಡಿ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿಕೊಂಡು ಬಂದು, ತುಂಬಿದ ಹಾಗೇ ಮನೆಗೆ ಒಯ್ಯುತ್ತಿದ್ದರು. ಹೊಟ್ಟೆನೋವು ಅಂತ ಒಬ್ಬಳು, ಉರಿ ಅಂತ ಇನ್ನೊಬ್ಬಳು. ಆಶಾ ಕಾರ್ಯಕರ್ತೆ ಬಂದು ನೆಲದ ಮೇಲೆ ಅವರ ಜೊತೆ ಕೂತು, ನಿಧಾನಕ್ಕೆ ಕೇಳಿದಾಗ ಹೊರಬಿದ್ದದ್ದು ಇಷ್ಟು: ಶೌಚಾಲಯಕ್ಕೆ ಚಿಲಕ ಇಲ್ಲ, ಒಳಗೆ ಹೋದರೆ ಹೊರಗಿನಿಂದ ಏಳನೇ ತರಗತಿಯ ಹುಡುಗರು ಬಾಗಿಲು ತಳ್ಳುತ್ತಾರೆ. ಅದಕ್ಕೇ ಒಬ್ಬಳು ಹೋದರೆ ಇನ್ನಿಬ್ಬರು ಬಾಗಿಲು ಹಿಡಿದು ನಿಲ್ಲಬೇಕು, ಮೂವರೂ ಒಟ್ಟಿಗೆ ಹೊರಟರೆ ಕ್ಲಾಸಿನಲ್ಲಿ ಬೈಗುಳ. ಸಮಿತಿಯಲ್ಲಿದ್ದ ಬಡಗಿಯೊಬ್ಬರು ಅವತ್ತೇ ಸಂಜೆ ಪೇಟೆಯಿಂದ ಚಿಲಕ ತಂದು, ಮಕ್ಕಳ ಕೈಗೆ ಎಟುಕುವ ಎತ್ತರಕ್ಕೆ ಒಳಗಿನಿಂದ ಕೂರಿಸಿದರು. ಎಟುಕುವ ಎತ್ತರಕ್ಕೆ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸ ಶೌಚಾಲಯಗಳಲ್ಲೂ ದೊಡ್ಡವರ ಎದೆಮಟ್ಟಕ್ಕೆ ಚಿಲಕ ಇಟ್ಟು ಹೋಗಿರುವುದನ್ನು ನೋಡಿದ್ದೇನೆ. ಆರು ವರ್ಷದ ಮಗು ಅದನ್ನು ಮುಟ್ಟಲಾರದು.

ಶೌಚಾಲಯ ತೊಳೆಯುವವರು ಯಾರು ಎಂದೂ ಅಲ್ಲಿಯೇ ವಿಚಾರಿಸಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಗಿ ರಾಜ್ಯವೇ ತಲೆ ತಗ್ಗಿಸಿತು. ಇಳಿದವರು ದಲಿತ ಮಕ್ಕಳು. ನಿಮ್ಮ ಶಾಲೆಯಲ್ಲಿ ಗುಂಡಿಗೆ ಇಳಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಬಕೆಟ್ ಹಿಡಿದು ಶೌಚಾಲಯಕ್ಕೆ ನೀರು ಹಾಕಲು ಪ್ರತಿದಿನ ಕರೆಯುವುದು ಯಾವ ಮಕ್ಕಳನ್ನು? ಆ ಹೆಸರುಗಳನ್ನು ಬರೆದು ನೋಡಿ. ಒಂದೇ ಕೇರಿಯ ಹೆಸರುಗಳು ಬಂದರೆ ಅದು ಮಕ್ಕಳ ಮೇಲೆ ನಡೆಯುತ್ತಿರುವ ದೌರ್ಜನ್ಯ, ಬೇರೆ ಮಾತೇ ಇಲ್ಲ.

ಈಗ ಹೊಡೆತದ ವಿಚಾರ. ಇಲ್ಲಿ ನಿಮ್ಮೊಂದಿಗೆ ಜಗಳವಾಡಲೂ ಸಿದ್ಧಳಿದ್ದೇನೆ. ‘ನಾಲ್ಕು ಬಿಡಿ ಮೇಷ್ಟ್ರೇ, ಮೂಳೆ ನಮಗಿರಲಿ, ಚರ್ಮ ನಿಮಗಿರಲಿ’ ಎಂದು ಮಗನ ಕೈ ಹಿಡಿದು ತಂದು ಒಪ್ಪಿಸಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಆ ಮಾತು ಕೇಳಿಸಿಕೊಂಡು ನಿಂತಿದ್ದ ಹುಡುಗನಿಗೆ ಅವತ್ತು ಅರ್ಥವಾಗುತ್ತಿದ್ದದ್ದು ಒಂದೇ: ಶಾಲೆಯಲ್ಲಿ ಏನೇ ಆದರೂ ಮನೆಯಲ್ಲಿ ಹೇಳಿ ಪ್ರಯೋಜನವಿಲ್ಲ. ಮುಂದೆ ಯಾವ ದೊಡ್ಡ ಅನಾಹುತವಾದರೂ ಆ ಮಗು ಬಾಯಿ ಬಿಡುವುದಿಲ್ಲ. ಹೊಡೆತ ಮೈಗೆ ಮಾಡುವ ಗಾಯಕ್ಕಿಂತ ಇದು ದೊಡ್ಡ ನಷ್ಟ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ತಂದೆ ತಾಯಿ ಅನುಮತಿ ಕೊಟ್ಟರೂ ಶಿಕ್ಷಕರು ಹೊಡೆಯುವಂತಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಇಬ್ಬರು ಶಾಲೆಯಲ್ಲಿ ಪೆಟ್ಟು ತಿಂದಿದ್ದೇವೆ ಎಂದಿದ್ದರು. 2022ರ ಡಿಸೆಂಬರಿನಲ್ಲಿ ಗದಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಹುಡುಗ ಅತಿಥಿ ಶಿಕ್ಷಕನೊಬ್ಬನ ಹೊಡೆತಕ್ಕೆ ಸತ್ತ. ಅಂಥ ಕ್ರೌರ್ಯ ಎಲ್ಲ ಕಡೆ ಇರುವುದಿಲ್ಲ. ಕಿವಿ ಹಿಂಡುವುದು, ಬಿಸಿಲಲ್ಲಿ ನಿಲ್ಲಿಸುವುದು, ‘ನಿನ್ನ ತಲೇಲಿ ಸಗಣಿ ತುಂಬಿದೆ’ ಅನ್ನುವುದು, ಜಾತಿ ಹಿಡಿದು ಕರೆಯುವುದು ಎಲ್ಲ ಕಡೆ ಇವೆ, ಅವೂ ಕಾಯ್ದೆಯ ಪ್ರಕಾರ ತಪ್ಪೇ. ಸಭೆಯಲ್ಲಿ ನೀವೇ ನಿರ್ಣಯ ಮಾಡಿ: ನಮ್ಮ ಶಾಲೆಯಲ್ಲಿ ಕೋಲು ಇರುವುದಿಲ್ಲ, ಮಕ್ಕಳ ಮೇಲೆ ಕೈ ಮಾಡುವುದಕ್ಕೆ ಪೋಷಕರಾದ ನಮ್ಮ ಒಪ್ಪಿಗೆ ಇಲ್ಲ. ಇದನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಜೋರಾಗಿ ಓದಿ ಹೇಳಿ. ಅವರಿಗೆ ಗೊತ್ತಾಗಲಿ.

ಇನ್ನು, ಹೇಳಲು ಎಲ್ಲರೂ ಹಿಂಜರಿಯುವ ವಿಷಯ.

ಅದೇ 2007ರ ಅಧ್ಯಯನದಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವುದಾಗಿ ಹೇಳಿದ್ದರು. ಹುಡುಗಿಯರಷ್ಟೇ ಅಲ್ಲ, ಹುಡುಗರೂ. ಬಹುತೇಕ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಪೊಲೀಸ್ ದಾಖಲೆಗಳ ಅಂಕಿಅಂಶ ಹೇಳುವ ಪ್ರಕಾರ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರದ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಯದವರೇ. ಕಾಂಪೌಂಡ್ ಎತ್ತರ ಮಾಡಿಸಿ ಗೇಟಿಗೆ ಬೀಗ ಹಾಕಿದರೆ ಹೊರಗಿನವರು ಬರುವುದಿಲ್ಲ, ಸರಿ. ಪರಿಚಯದವರು ಗೇಟಿನ ಒಳಗೇ ಇರುತ್ತಾರಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಒಂದನೇ ತರಗತಿಯ ಮಗುವಿನ ಮೇಲೆ ಅತ್ಯಾಚಾರವಾದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಆ ಶಾಲೆಗೆ ಕಾಂಪೌಂಡಿಗಾಗಲಿ ಕಾವಲಿಗಾಗಲಿ ಕೊರತೆ ಇರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಇಂಥದ್ದು ಆದರೆ ಬೀದಿಗಿಳಿಯುವುದಿರಲಿ, ಅದು ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲು ದಾಟುವುದೇ ಕಷ್ಟ.

ಒಂದು ಸಭೆಯ ವಿಷಯ ಹೇಳುತ್ತೇನೆ. ಊರು ಬೇಡ, ಶಾಲೆಯ ಹೆಸರು ಬೇಡ. ನಾನು ಆ ಶಾಲೆಗೆ ನಿಯೋಜನೆಯ ಮೇಲೆ ಹೋಗಿದ್ದೆ. ಮೂರನೇ ತರಗತಿಯ ಮಗು ಅಮ್ಮನ ಹತ್ತಿರ ಏನೋ ಹೇಳಿದೆ. ಶಾಲೆಗೆ ಬಂದು ಹೋಗುವ ಗಂಡಸೊಬ್ಬನ ಮೇಲೆ ದೂರು. ಊರಿನ ಹಿರಿಯರು, ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಟೀ ಬಂದಿದೆ. ತಾಯಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ಮಗು ಹೊರಗೆ ಮೆಟ್ಟಿಲ ಮೇಲೆ ಕೂತು ಬಳಪದ ಚೂರಿನಿಂದ ಕಲ್ಲಿನ ಮೇಲೆ ಗೀಚುತ್ತಿದೆ. ಒಳಗಿನ ಮಾತೆಲ್ಲ ಅದಕ್ಕೆ ಕೇಳಿಸುತ್ತದೆ ಎಂಬ ಯೋಚನೆ ಒಬ್ಬರಿಗೂ ಇಲ್ಲ. ‘ಆಗಿದ್ದು ಆಗ್ಹೋಯ್ತು, ಹೆಣ್ಣು ಹುಡುಗಿ, ನಾಳೆ ಮದುವೆ ಮಾಡ್ಬೇಕಲ್ವಾ.’ ‘ಅವ್ನಿಗೂ ಹೆಂಡ್ತಿ ಮಕ್ಕಳಿದಾರೆ.’ ‘ಸ್ಕೂಲಿನ ಹೆಸರು ಕೆಟ್ರೆ ಮಕ್ಕಳೆಲ್ಲ ಕಾನ್ವೆಂಟಿಗೆ ಹೋಗ್ತವೆ.’ ಅವನಿಗೆ ಇನ್ನು ಇತ್ತ ಬರಬೇಡ ಅಂತ ಹೇಳೋಣ, ಎಲ್ಲರೂ ಸಹಿ ಹಾಕಿ ಮುಗಿಸೋಣ ಎಂದು ತೀರ್ಮಾನವಾಯಿತು. ಹಾಳೆ ಕೈಯಿಂದ ಕೈಗೆ ಬಂತು. ಬೀಡಿ ಕಟ್ಟಿ ಸಂಸಾರ ನಡೆಸುವ ಒಬ್ಬ ಸದಸ್ಯೆ, ಅದುವರೆಗೆ ಯಾವ ಸಭೆಯಲ್ಲೂ ಮಾತಾಡಿದವರಲ್ಲ, ಹಾಳೆಯನ್ನು ಹಾಗೇ ಮೇಜಿನ ಮೇಲಿಟ್ಟು, ‘ನಾನು ಸೈನ್ ಮಾಡಲ್ಲ ಅಣ್ಣ, ಅವನು ಇಲ್ಲಿ ಬರದಿದ್ರೆ ಇನ್ನೊಂದು ಸ್ಕೂಲಿಗೆ ಹೋಗ್ತಾನೆ’ ಅಂದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಅಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಯಿತು.

ಆ ಸದಸ್ಯೆ ಓದಿದ್ದು ಐದನೇ ತರಗತಿವರೆಗೆ. ಕಾಯ್ದೆ ಗೊತ್ತಿರಲಿಲ್ಲ. ಆದರೆ ಆಕೆ ಮಾಡಿದ್ದೇ ಕಾಯ್ದೆ ಹೇಳುವುದು. 2012ರ ನವೆಂಬರ್ 14ರಿಂದ ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ಆಗಿದೆ, ಅಥವಾ ಆಗಬಹುದು ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ಇಲ್ಲವೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ದೂರು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ, ಅದರ ಹೊಣೆಯೂ ನಿಮ್ಮದಲ್ಲ. ರಾಜಿ ಮಾಡಿಸುವ ಅಧಿಕಾರವಂತೂ ಯಾವ ಊರಿನ ಯಾವ ಹಿರಿಯರಿಗೂ ಇಲ್ಲ.

ಪೊಲೀಸ್ ಅಂದ ಕೂಡಲೇ ತಾಯಂದಿರ ಎದೆ ನಡುಗುತ್ತದೆ, ನನಗೆ ಗೊತ್ತು. ಠಾಣೆಯ ಬೆಂಚಿನ ಮೇಲೆ ಮಗುವನ್ನು ಕೂರಿಸುತ್ತಾರೆ, ಪೇಪರಿನಲ್ಲಿ ಹೆಸರು ಬರುತ್ತದೆ, ಊರು ಬಿಡಬೇಕಾಗುತ್ತದೆ ಎಂಬ ಭಯ. ಆ ಭಯವೇ ರಾಜಿ ಮಾಡಿಸುವವರ ಬಂಡವಾಳ. ಆದ್ದರಿಂದ ಇದನ್ನು ಸಭೆಯಲ್ಲಿ ಓದಿ ಹೇಳಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಹಿತವೆನಿಸುವ ಜಾಗದಲ್ಲಿ ಪಡೆಯಬೇಕು, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರ ಹಾಕಿಕೊಂಡು ಬರುವಂತಿಲ್ಲ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ವೈದ್ಯಕೀಯ ತಪಾಸಣೆ ಮಹಿಳಾ ವೈದ್ಯರಿಂದಲೇ ಆಗಬೇಕು. ಹೆಸರು, ವಿಳಾಸ, ಫೋಟೊ, ಶಾಲೆ, ಮನೆಯವರ ವಿವರ ಯಾವುದನ್ನೂ ಪತ್ರಿಕೆ, ಟಿವಿಗಳು ಹೊರಗೆಡವುವಂತಿಲ್ಲ. ವಾಟ್ಸ್‌ಆಪ್‌ನಲ್ಲಿ ಹಂಚುವ ಕೆಲಸಕ್ಕೆ ನೀವೂ ಕೈ ಹಾಕಬೇಡಿ. ಪೊಲೀಸರು 24 ಗಂಟೆಯ ಒಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ನ್ಯಾಯಾಲಯದಲ್ಲಿ ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ. ಇದೆಲ್ಲ ಎಲ್ಲ ಠಾಣೆಯಲ್ಲೂ ಪುಸ್ತಕದಲ್ಲಿ ಬರೆದ ಹಾಗೇ ನಡೆಯುತ್ತದೆ ಎಂದು ಹೇಳಲಾರೆ. ಹಾಗೆ ನಡೆಯದಿದ್ದರೆ ಕೇಳುವುದಕ್ಕೆ, ಆ ತಾಯಿಯ ಜೊತೆ ಹೋಗಿ ನಿಲ್ಲುವುದಕ್ಕೆ ಸಮಿತಿ ಇರಬೇಕು.

ಮಗು ಬಾಯಲ್ಲಿ ಹೇಳದೇ ಇದ್ದರೆ? ನಡವಳಿಕೆಯಲ್ಲಿ ಹೇಳುತ್ತದೆ. ಚೆನ್ನಾಗಿ ಬರುತ್ತಿದ್ದ ಹುಡುಗ ಒಂದು ನಿರ್ದಿಷ್ಟ ದಿನ ಮಾತ್ರ ಜ್ವರ ಅಂತಾನೆ. ಹಾಸಿಗೆ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ. ಹಿಂದಿನ ಕೊಠಡಿಯಿಂದ ಚಾಪೆ ತಾ ಎಂದರೆ ಹೋಗುವುದಿಲ್ಲ. ಒಬ್ಬ ದೊಡ್ಡವರ ಹೆಸರೆತ್ತಿದರೆ ಮುಖ ಕಲ್ಲಾಗುತ್ತದೆ. ಇಂಥದ್ದು ಕಂಡರೆ ಗದರಬೇಡಿ, ‘ಯಾಕೆ ಮೊದಲೇ ಹೇಳಲಿಲ್ಲ’ ಎಂದು ಕೇಳಬೇಡಿ, ಹತ್ತು ಜನ ಸುತ್ತುಗಟ್ಟಿ ಪ್ರಶ್ನೆ ಹಾಕಬೇಡಿ. ಮಗು ನಂಬುವ ಒಬ್ಬರು ಪಕ್ಕದಲ್ಲಿ ಕೂತು, ಅದು ಹೇಳಿದಷ್ಟನ್ನು ಕೇಳಿ, ಅದರ ಮಾತಿನಲ್ಲೇ ಬರೆದುಕೊಳ್ಳಲಿ. ಹೇಳಿದ್ದು ಒಳ್ಳೆಯದಾಯಿತು ಕಂದ, ನಿನ್ನದೇನೂ ತಪ್ಪಿಲ್ಲ ಎಂಬ ಮಾತು ಅದಕ್ಕೆ ಅವತ್ತು ಸಿಗಲೇಬೇಕು.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದು ಈಗ ಎಲ್ಲ ಕಡೆ ಪಾಠ ಮಾಡುತ್ತಾರೆ. ಬೇಡ ಅನ್ನು, ಓಡಿ ಹೋಗು, ದೊಡ್ಡವರಿಗೆ ಹೇಳು ಎಂದು ಕಲಿಸುತ್ತಾರೆ. ಕಲಿಸಬೇಕಾದದ್ದೇ. ಆದರೆ ಏಳು ವರ್ಷದ ಮಗು ‘ದೊಡ್ಡವರಿಗೆ ಹೇಳು’ ಎಂಬ ಪಾಠವನ್ನು ನಂಬಿ ಬಂದು ಹೇಳಿದ ಮೇಲೆ, ಆ ದೊಡ್ಡವರು ಏನು ಮಾಡಬೇಕೆಂಬ ಪಾಠವನ್ನು ನಮಗೆ ಯಾರೂ ಮಾಡಿಲ್ಲ. ವರ್ಷಕ್ಕೊಮ್ಮೆ ಒಂದು ದಿನ ಶಿಕ್ಷಕರು, ಅಡುಗೆಯವರು, ಸಮಿತಿಯ ಸದಸ್ಯರು ಎಲ್ಲರೂ ಒಟ್ಟಿಗೆ ಕೂತು ಅದನ್ನು ಕಲಿಯಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕರೆಸಿ. ಕರ್ನಾಟಕಕ್ಕೆ 2016ರ ಮಕ್ಕಳ ರಕ್ಷಣಾ ನೀತಿ ಎಂಬುದು ಇದೆ, ಅದರ ಪ್ರತಿಯನ್ನು ಮುಖ್ಯ ಶಿಕ್ಷಕರಿಂದ ಕೇಳಿ ಪಡೆಯಿರಿ. ಶಾಲೆಯಲ್ಲಿ ಮಕ್ಕಳೊಂದಿಗೆ ಒಡನಾಡುವ ಪ್ರತಿಯೊಬ್ಬ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಜೂನ್‌ನಲ್ಲಿ ಅತಿಥಿ ಶಿಕ್ಷಕರು ಬರುವಾಗಲೇ ಇದನ್ನು ಕೇಳಿ. ಬೇಸರವಿಲ್ಲದೆ, ಎಲ್ಲರಿಗೂ ಒಂದೇ ಸಮನಾಗಿ ಕೇಳಿ.

ಶಿಕ್ಷಕರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸಾವಿರಾರು ಏಕೋಪಾಧ್ಯಾಯ ಶಾಲೆಗಳಿರುವ ರಾಜ್ಯ ಇದು. ಇರುವ ಒಬ್ಬರೇ ಮೇಷ್ಟ್ರು ನಲಿಕಲಿ ಮಾಡಿಸಿ, ಹಾಲು ಕಾಯಿಸಿ, ಮೊಟ್ಟೆ ಲೆಕ್ಕ ಬರೆದು, ಸಿಆರ್‌ಪಿ ಕೇಳಿದ ಮಾಹಿತಿಯನ್ನು ಮೊಬೈಲಿನಲ್ಲಿ ತುಂಬಿ, ಮೀಟಿಂಗಿಗೆ ತಾಲ್ಲೂಕಿಗೆ ಓಡಬೇಕು. ಅವರು ಹೋದ ಆ ಹೊತ್ತಿನಲ್ಲಿ ಮಕ್ಕಳನ್ನು ನೋಡುವವರು ಯಾರು? ಅನಾಹುತಗಳಿಗೆ ದಾರಿಯಾಗುವುದು ಇಂಥ ಖಾಲಿ ಹೊತ್ತುಗಳೇ. ಆ ಹೊತ್ತನ್ನು ತುಂಬುವುದು ಸಮಿತಿಯಿಂದ ಆಗುವ ಕೆಲಸ. ಮಕ್ಕಳನ್ನು ಜೀವದಂತೆ ನೋಡಿಕೊಳ್ಳುವ ಶಿಕ್ಷಕರೇ ಹೆಚ್ಚು, ಅವರನ್ನು ಅನುಮಾನದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ಒಬ್ಬ ವ್ಯಕ್ತಿಯ ಒಳ್ಳೆಯತನವನ್ನೇ ನಂಬಿ ಕೂರದಂಥ ವ್ಯವಸ್ಥೆ ಇದ್ದರೆ ಒಳ್ಳೆಯ ಶಿಕ್ಷಕರಿಗೂ ಅದೇ ರಕ್ಷಣೆ.

ಮಕ್ಕಳ ಮಾತು ನಿಮ್ಮವರೆಗೆ ಬರಲು ಏನು ಮಾಡಬೇಕು? ಸಲಹಾ ಪೆಟ್ಟಿಗೆ ಬಹಳ ಶಾಲೆಗಳಲ್ಲಿದೆ. ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಲ್ಲೇ ತೂಗುಹಾಕಿರುತ್ತಾರೆ, ಬೀಗದ ಕೈಯೂ ಅವರ ಬಳಿಯೇ. ಅದರಲ್ಲಿ ಚೀಟಿ ಹಾಕುವ ಧೈರ್ಯ ಯಾವ ಮಗುವಿಗೆ ಬರುತ್ತದೆ? ಪೆಟ್ಟಿಗೆ ಮಕ್ಕಳು ಯಾರ ಕಣ್ಣಿಗೂ ಬೀಳದೆ ಹೋಗಬಹುದಾದ ಕಡೆ ಇರಲಿ, ಬೀಗದ ಕೈ ಸಮಿತಿಯ ತಾಯಿಯೊಬ್ಬರ ಬಳಿ ಇರಲಿ, ತೆರೆಯುವಾಗ ಇಬ್ಬರಾದರೂ ಜೊತೆಗಿರಲಿ. ಬರೆಯಲು ಬಾರದ ಒಂದು, ಎರಡನೇ ತರಗತಿಯವರಿಗೆ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಅವರ ಜೊತೆ ಕೂತು ಮಾತಾಡಬೇಕು: ಶಾಲೆಯಲ್ಲಿ ಯಾವ ಜಾಗ ಇಷ್ಟ, ಯಾವ ಜಾಗಕ್ಕೆ ಹೋಗಲು ಭಯ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಶಾಲೆಯ ನಕ್ಷೆ ಬರೆದುಕೊಟ್ಟು, ಭಯದ ಜಾಗಕ್ಕೆ ಗೆರೆ ಹಾಕಿ ಎಂದರೆ ಸಾಕು. ನೀರಿನ ಟ್ಯಾಂಕಿನ ಹಿಂದೆ, ಬೀಗ ಹಾಕದ ಹಳೆಯ ಕೊಠಡಿ, ಗೇಟಿನಾಚೆ ಕುಡುಕರು ಕೂರುವ ಕಟ್ಟೆ, ಬಸ್ಸು ವೇಗವಾಗಿ ಬರುವ ತಿರುವು ಎಲ್ಲವೂ ಆ ಗೆರೆಗಳಲ್ಲಿ ಕಾಣುತ್ತವೆ. ಶಾಲೆಯೊಳಗೆ ಬಗೆಹರಿಯದ್ದನ್ನು ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಒಯ್ಯಿರಿ, ಪಿಡಿಒ ಉತ್ತರ ಕೊಡಲಿ.

ಎಲ್ಲ ಮಕ್ಕಳ ಬಾಯಿಯೂ ಒಂದೇ ಸಮ ಬಿಚ್ಚಿಕೊಳ್ಳುವುದಿಲ್ಲ. ಕಬ್ಬು ಕಡಿಯಲು ಬಂದವರ ಮಕ್ಕಳು, ಕಾಫಿ ತೋಟಕ್ಕೆ ದೂರದ ರಾಜ್ಯಗಳಿಂದ ಬಂದವರ ಮಕ್ಕಳು ಕನ್ನಡವನ್ನೇ ಸರಿಯಾಗಿ ಆಡಲಾರರು. ಮಾತು ಬಾರದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿದ್ದಾರೆ. ತಾಯಿ ಇಲ್ಲದೆ ಅಜ್ಜಿಯ ಮನೆಯಲ್ಲಿರುವವರಿದ್ದಾರೆ. ಕೇಡು ಮಾಡುವವನು ಹುಡುಕುವುದು ಇಂಥ ಮಕ್ಕಳನ್ನೇ, ಯಾಕೆಂದರೆ ಇವರ ಪರವಾಗಿ ಕೇಳುವವರು ಯಾರೂ ಇಲ್ಲ ಎಂದು ಅವನಿಗೆ ಗೊತ್ತು. ಈ ಮಕ್ಕಳ ಹೆಸರುಗಳನ್ನು ಹಂಚಿಕೊಂಡು, ಒಬ್ಬೊಬ್ಬ ಸದಸ್ಯರು ಇಬ್ಬರು ಮೂವರನ್ನು ನಮ್ಮವರು ಎಂದು ನೋಡಿಕೊಳ್ಳಿ.

ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಹೇಳಿರುವುದು ಹಾಜರಾತಿ ತುಂಬಿಸಲು ಅಲ್ಲ. ತಾಯಂದಿರೇ, ನಿಮ್ಮ ಗಂಡನನ್ನೋ ಮೈದುನನನ್ನೋ ಸಭೆಗೆ ಕಳಿಸಿ ನೀವು ಮನೆಯಲ್ಲಿ ಸಹಿ ಹಾಕಬೇಡಿ. ಮಗುವಿನ ಬಟ್ಟೆ ಒಗೆಯುವವರು ನೀವು, ತಲೆ ಬಾಚುವವರು ನೀವು, ಅದರ ಮೈಮೇಲಿನ ಬಾಸುಂಡೆ ಮೊದಲು ಕಾಣುವುದು ನಿಮಗೆ. ಅಧ್ಯಕ್ಷರು ಮಾತು ಮುಗಿಸಿ ‘ಇನ್ನೇನಾದ್ರೂ ಇದೆಯಾ’ ಎಂದು ಕೇಳುತ್ತಾರಲ್ಲ, ಆಗ ಎದ್ದು ನಿಂತು ಹೇಳಿ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೇ ವಿಷಯವಾಗಿ ‘ಮಕ್ಕಳು ಹೇಳಿದ್ದು’ ಎಂದು ಬರೆಸಿ. ಅದರ ಕೆಳಗೆ ಮಕ್ಕಳ ಮಾತನ್ನು ಬರೆಯಿರಿ, ಯಾರು ಏನು ಮಾಡಬೇಕು, ಯಾವ ದಿನಾಂಕದೊಳಗೆ ಎಂಬುದನ್ನೂ ಬರೆಯಿರಿ. ಮಗುವಿನ ಗುರುತು ಸಿಗಬಾರದ ವಿಷಯವಾದರೆ ಹೆಸರು ಬರೆಯದೆ, ದೂರು ಮುಟ್ಟಬೇಕಾದ ಕಡೆಗೆ ಅವತ್ತೇ ಮುಟ್ಟಿಸಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಶಾಲೆಯ ಗೋಡೆಯ ಮೇಲೆ, ಒಂದನೇ ತರಗತಿಯ ಮಗುವಿಗೂ ಓದಲು ಎಟುಕುವ ಎತ್ತರದಲ್ಲಿ, ದೊಡ್ಡ ಅಂಕಿಗಳಲ್ಲಿ ಬರೆಸಿ. ಆ ಕರೆಗೆ ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಎಲ್ಲ ಹೊತ್ತಿನಲ್ಲೂ ಮಾಡಬಹುದು.